ಇನ್ನೂ ಹೆಜ್ಜೆ ಇಟ್ಟಿಲ್ವಾ?

ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತವರ ನಡುವೆ ಯಾರಾದರೂ ಒಂದು ಕೂಸನ್ನು ತಂದು ಇಳಿಸಲಿ, ನೋಡಿ. ಅಲ್ಲಿಯವರೆಗೆ ಮಳೆ, ಬೆಳೆ, ಚುನಾವಣೆ ಎಂದು ಹರಿದಾಡುತ್ತಿದ್ದ ಮಾತು ತಟ್ಟನೆ ಅಲ್ಲಿಗೆ ಬಂದು ನಿಲ್ಲುತ್ತದೆ. ಮೊದಲ ಪ್ರಶ್ನೆ, 'ಎಷ್ಟು ತಿಂಗಳು?' ಎರಡನೆಯದು, 'ಇನ್ನೂ ಹೆಜ್ಜೆ ಇಟ್ಟಿಲ್ವಾ?' ಮೂರನೆಯದು ಪ್ರಶ್ನೆಯಲ್ಲ, ತೀರ್ಪು: 'ನಮ್ಮ ಪುಟ್ಟಿ ಒಂಬತ್ತಕ್ಕೇ ಮನೆಯೆಲ್ಲ ಓಡಾಡ್ತಿದ್ಲಪ್ಪ.' ತಾಯಿಯ ಮುಖ ಸಣ್ಣದಾಗುತ್ತದೆ. ಅತ್ತೆ ಸೊಸೆಯ ಕಡೆ ನೋಡುತ್ತಾರೆ. ಕೂಸು ಮಾತ್ರ ಇದು ತನ್ನ ವಿಚಾರವೇ ಅಲ್ಲವೆಂಬಂತೆ ಜಮಖಾನೆಯ ಅಂಚನ್ನು ಬಾಯಿಗಿಟ್ಟುಕೊಂಡು ಚೀಪುತ್ತಿರುತ್ತದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ಮನೆ ಹೇಳಿಲ್ಲ. ಅವರವರ ಹೆಗ್ಗಣ ಅವರವರಿಗೆ ಮುದ್ದಾಗಿದ್ದರೆ ಸಾಲದು, ಪಕ್ಕದ ಮನೆಯದಕ್ಕಿಂತ ಬೇಗ ನಡೆದಿರಲೂಬೇಕು. ಈ ಲೆಕ್ಕಕ್ಕೆ ಇನ್ನೊಂದು ಗುಣವಿದೆ. ವರ್ಷ ಕಳೆದಂತೆ ತಿಂಗಳು ಇಳಿಯುತ್ತದೆ. ಪುಟ್ಟಿ ಶಾಲೆಗೆ ಹೋಗುವಾಗ ಹನ್ನೊಂದು ತಿಂಗಳಿಗೆ ನಡೆದಿದ್ದವಳು, ಕಾಲೇಜು ಸೇರುವಾಗ ಒಂಬತ್ತಕ್ಕೇ ನಡೆದಿರುತ್ತಾಳೆ. ಮದುವೆಯಾಗಿ ಅಮೆರಿಕಕ್ಕೆ ಹೋದ ಮೇಲಂತೂ ಏಳನೇ ತಿಂಗಳಿಗೇ ಹೊಸ್ತಿಲು ದಾಟಿ ಓಡಿರುತ್ತಾಳೆ.

ಈ ಜಗಳವನ್ನು ತೀರಿಸುವ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆ ಮಾಡಿಟ್ಟಿದೆ. ಮಕ್ಕಳ ಬೆಳವಣಿಗೆಗೆ ಜಗತ್ತಿಗೆಲ್ಲ ಒಂದೇ ಅಳತೆಗೋಲು ಬೇಕೆಂದು 1997ರಲ್ಲಿ ಅದು ದೊಡ್ಡದೊಂದು ಅಧ್ಯಯನ ಹಿಡಿಯಿತು. ನಮ್ಮ ದೇಶದಿಂದ ದಕ್ಷಿಣ ದೆಹಲಿಯ ಕೂಸುಗಳು ಅದರಲ್ಲಿದ್ದವು. ಕೂರುವುದು, ನಿಲ್ಲುವುದು, ನಡೆಯುವುದು ಇವಿಷ್ಟರ ಲೆಕ್ಕಕ್ಕೆ ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ 816 ಮಕ್ಕಳನ್ನು ಮತ್ತೆ ಮತ್ತೆ ಮನೆಗೆ ಹೋಗಿ ನೋಡಿದರು. ಫಲಿತಾಂಶ 2006ರಲ್ಲಿ ಬಂತು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳೊಳಗೆ. ಏನನ್ನಾದರೂ ಹಿಡಿದು ನಿಲ್ಲುವುದು 4.8ರಿಂದ 11.4. ಯಾರ ಕೈಯನ್ನೂ ಹಿಡಿಯದೆ ನಡೆಯುವುದು 8.2ರಿಂದ 17.6 ತಿಂಗಳೊಳಗೆ.

ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಿ. ಎಂಟು ತಿಂಗಳಿಗೆ ನಡೆದ ಪುಟ್ಟಿಯೂ ಸರಿ, ಹದಿನೇಳು ತಿಂಗಳು ತುಂಬಿದ ಮೇಲೆ ನಡೆದ ಪುಟ್ಟನೂ ಸರಿ. ನಡುವೆ ಒಂಬತ್ತು ತಿಂಗಳಿಗೂ ಹೆಚ್ಚು ಅಂತರ. ಅಷ್ಟರಲ್ಲಿ ಇನ್ನೊಂದು ಕೂಸೇ ಹುಟ್ಟಬಹುದು! ಬೇಗ ನಡೆದದ್ದು ಮುಂದೆ ಐಎಎಸ್ ಮಾಡುತ್ತದೆ, ತಡವಾಗಿ ನಡೆದದ್ದು ಹಿಂದೆ ಬೀಳುತ್ತದೆ ಎಂಬ ಸೂಚನೆ ಆ ಅಂಕಿಗಳಲ್ಲಿ ಎಲ್ಲೂ ಇಲ್ಲ.

ಅಂಬೆಗಾಲಿನದು ಇನ್ನೂ ತಮಾಷೆ. ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು ಮಕ್ಕಳು ಅಂಬೆಗಾಲಿಡಲೇ ಇಲ್ಲ. ಕುಂಡಿಯ ಮೇಲೆ ಜರುಗುವವು ಕೆಲವು, ಹೊಟ್ಟೆಯ ಮೇಲೆ ತೆವಳುವವು ಕೆಲವು, ಈ ಮೆಟ್ಟಿಲನ್ನೇ ಹಾರಿ ನೆಟ್ಟಗೆ ಎದ್ದು ನಿಲ್ಲುವವು ಕೆಲವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು 2022ರಲ್ಲಿ ಮಕ್ಕಳ ಬೆಳವಣಿಗೆಯ ತಮ್ಮ ಪಟ್ಟಿ ತಿದ್ದಿದಾಗ ಅಂಬೆಗಾಲನ್ನು ಅದರಿಂದ ತೆಗೆದೇ ಬಿಟ್ಟರು. ಅಲ್ಲಿ ತೆಗೆದರೇನಂತೆ, ನಮ್ಮ ದೊಡ್ಡಮಳೂರಿನಲ್ಲಿ ಅದು ಭದ್ರವಾಗಿದೆ. ಬೆಂಗಳೂರಿಂದ ಮೈಸೂರಿಗೆ ಹೋಗುವ ಹಳೇ ದಾರಿಯಲ್ಲಿ ಚನ್ನಪಟ್ಟಣ ದಾಟಿದ ಮೇಲೆ ಅಪ್ರಮೇಯಸ್ವಾಮಿಯ ಗುಡಿ ಸಿಗುತ್ತದೆ. ಅದರೊಳಗೆ ಅಂಬೆಗಾಲು ಕೃಷ್ಣ ಇದ್ದಾನೆ. ಕೈಯಲ್ಲಿ ಬೆಣ್ಣೆ, ಮಂಡಿ ನೆಲದ ಮೇಲೆ. ಪುರಂದರದಾಸರು ಇವನನ್ನು ನೋಡಿಯೇ ಹಾಡು ಕಟ್ಟಿದರೆಂಬ ಪ್ರತೀತಿಯೂ ಇದೆ. ಮಕ್ಕಳಿಲ್ಲದವರು ಬಂದು ಹರಕೆ ಹೊತ್ತು ಪುಟ್ಟ ಮರದ ತೊಟ್ಟಿಲು ಒಪ್ಪಿಸುತ್ತಾರೆ. ಎಷ್ಟು ತಲೆಮಾರಾಯಿತೋ, ಅವನು ಅಂಬೆಗಾಲಲ್ಲೇ ಇದ್ದಾನೆ. 'ಇನ್ನೂ ಹೆಜ್ಜೆ ಇಟ್ಟಿಲ್ವಾ?' ಎಂದು ಅವನನ್ನು ಯಾರೂ ಕೇಳಿಲ್ಲ. ಅವನ ಹತ್ತಿರ ತೋರಿಸುವ ತಾಳ್ಮೆಯಲ್ಲಿ ಅರ್ಧದಷ್ಟನ್ನು ಹರಕೆಯಿಂದ ಹುಟ್ಟಿದ ಕೂಸಿಗೂ ತೋರಿಸಬಾರದೆ?

ಚನ್ನಪಟ್ಟಣದ ಮಾತು ಬಂದ ಮೇಲೆ ಅಲ್ಲಿನ ಗಾಡಿಯನ್ನು ಬಿಟ್ಟು ಮುಂದೆ ಹೋಗಲಾಗದು. ಆಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಮಾಡುವ ಮೂರು ಚಕ್ರದ ನಡೆಗಾಡಿ. ಕೂಸು ಎದ್ದು ನಿಂತು ಅಡ್ಡಪಟ್ಟಿಯನ್ನು ಹಿಡಿದು ತಳ್ಳಬೇಕು. ಭಾರ ಹೊರುವುದು ಕೂಸಿನ ಕಾಲೇ ಹೊರತು ಗಾಡಿಯಲ್ಲ. ಈಗಿನ ಪ್ಲಾಸ್ಟಿಕ್ ವಾಕರ್ ಹಾಗಲ್ಲ. ಅದರಲ್ಲಿ ಕೂಸನ್ನು ಚೀಲದಲ್ಲಿ ತೂಗುಹಾಕಿದಂತೆ ಕೂರಿಸುತ್ತಾರೆ. ಕಾಲ್ಬೆರಳ ತುದಿಯಿಂದ ನೆಲ ಒದ್ದರೆ ಸಾಕು, ಮನೆಯ ಆ ಕೊನೆಯಿಂದ ಈ ಕೊನೆಗೆ. ತನ್ನ ಕಾಲನ್ನು ತಾನೇ ನೋಡಲಾಗದು, ಬೀಳುವ ಭಯವಿಲ್ಲ, ಆದ್ದರಿಂದ ಕಲಿಯುವುದೂ ಇಲ್ಲ. ಐರ್ಲೆಂಡಿನಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಒಟ್ಟು 24 ಗಂಟೆ ವಾಕರ್‌ನಲ್ಲಿ ಕಳೆದರೆ ಕೂಸು ತಾನಾಗಿ ನಡೆಯುವುದು ಮೂರು ದಿನಕ್ಕೂ ಸ್ವಲ್ಪ ಹೆಚ್ಚು ಹಿಂದೆ ಹೋಗುತ್ತದೆ. ಮೆಟ್ಟಿಲಿಂದ ಉರುಳಿ ತಲೆ ಒಡೆದುಕೊಂಡ ಕೂಸುಗಳ ಸಂಖ್ಯೆ ನೋಡಿ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮಲ್ಲಿ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎಂಬ ಗಾದೆಯಿತ್ತು. ಈಗ ಕುತ್ತಿಗೆ ನಿಲ್ಲುವ ಮುನ್ನ ವಾಕರ್ ಆರ್ಡರ್ ಮಾಡುತ್ತಾರೆ.

ಬೀಳುವುದೇ ಪಾಠ ಅನ್ನುವುದಕ್ಕೂ ಲೆಕ್ಕವಿದೆ. ನ್ಯೂಯಾರ್ಕಿನಲ್ಲಿ ಕ್ಯಾರೆನ್ ಅಡಾಲ್ಫ್ ಎಂಬ ಮನೋವಿಜ್ಞಾನಿ ಇಡೀ ಕೆಲಸವನ್ನೇ ಕೂಸುಗಳ ನಡಿಗೆಗೆ ಮೀಸಲಿಟ್ಟವರು. ಆಟಿಕೆಗಳಿರುವ ಕೋಣೆಯಲ್ಲಿ ಹನ್ನೆರಡರಿಂದ ಹತ್ತೊಂಬತ್ತು ತಿಂಗಳ ಮಕ್ಕಳನ್ನು ಬಿಟ್ಟು ನೋಡಿದರೆ, ಸರಾಸರಿ ಗಂಟೆಗೆ 2,368 ಹೆಜ್ಜೆ, 17 ಸಲ ಬೀಳುವುದು. ಗಂಟೆಗೆ ಹದಿನೇಳು ಸಲ! ನಮ್ಮಂಥವರು ಒಂದು ಸಲ ಬಚ್ಚಲಲ್ಲಿ ಜಾರಿದರೆ ಒಂದು ತಿಂಗಳು ಅದೇ ಕತೆ ಹೇಳುತ್ತೇವೆ. ಕೂಸು ಬಿದ್ದಾಗ ಅತ್ತಿತ್ತ ನೋಡುತ್ತದೆ. 'ಅಯ್ಯೋ ಕಂದಾ' ಎಂದು ಯಾರಾದರೂ ಓಡಿ ಬಂದರೆ ಮಾತ್ರ ಅಳಬೇಕೆಂದು ತೀರ್ಮಾನಿಸುತ್ತದೆ. ಯಾರೂ ಕಾಣದಿದ್ದರೆ ಎರಡು ಕೈ ಊರಿ, ಹಿಂಭಾಗ ಮೇಲೆತ್ತಿ, ಎದ್ದು ಹೊರಡುತ್ತದೆ.

ನಡಿಗೆಯ ವಯಸ್ಸು ಸಾಕುವ ರೀತಿಯನ್ನೂ ಅವಲಂಬಿಸಿದೆ. ಪೆರುಗ್ವೆಯ ಕಾಡಿನಲ್ಲಿದ್ದ 'ಆಚೆ' ಎಂಬ ಬುಡಕಟ್ಟಿನ ಜನ ಕೂಸನ್ನು ನೆಲಕ್ಕೆ ಬಿಡುತ್ತಿದ್ದುದೇ ಅಪರೂಪ. ಹಾವು, ಚೇಳು, ಮುಳ್ಳಿನ ನೆಲ ಅದು. ಅವರ ಮಕ್ಕಳು ನಡೆಯಲು ಶುರುಮಾಡುತ್ತಿದ್ದುದು ಹೆಚ್ಚುಕಡಿಮೆ ಎರಡು ವರ್ಷಕ್ಕೆ. ಅದೇ ಮಕ್ಕಳು ದೊಡ್ಡವರಾಗುತ್ತ ಮರ ಹತ್ತುವುದನ್ನು ನೋಡಿದರೆ ನಾವು ಬಾಯಿ ಮುಚ್ಚಬೇಕು. ಇತ್ತ ಕೆನ್ಯಾದ ಕಿಪ್ಸಿಗಿಸ್ ಜನ ನೆಲದಲ್ಲಿ ಪುಟ್ಟ ಗುಂಡಿ ತೋಡಿ ಕೂಸನ್ನು ಅದರಲ್ಲಿ ಕೂರಿಸಿ, ಕೂರುವುದನ್ನು ಪಾಠದಂತೆ ಕಲಿಸುತ್ತಿದ್ದರು. ಅವರ ಮಕ್ಕಳು ಕೂರುವುದೂ ನಡೆಯುವುದೂ ಬೇಗ, ಯಾರೂ ಕಲಿಸದ ಅಂಬೆಗಾಲು ಮಾತ್ರ ಬೇಗವಲ್ಲ. ನಮ್ಮಲ್ಲಿ ಅಜ್ಜಿಯರು ಕಾಲು ನೀಡಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಆಮೇಲೆ ಕೈಕಾಲು ಅಡ್ಡಡ್ಡ ಎಳೆದು ಮಡಿಸಿ ಸಾಮು ಮಾಡಿಸುತ್ತಾರಲ್ಲ, ಕೂಸಿಗೆ ಮೊದಲ ವ್ಯಾಯಾಮಶಾಲೆ ಅದೇ.

ಪ್ರತಿ ಮೆಟ್ಟಿಲಿಗೂ ಒಂದು ಸಿಹಿ ಎನ್ನುವ ಪದ್ಧತಿಯೂ ನಮ್ಮದೇ. ಒಂದೊಂದು ಮನೆಯಲ್ಲಿ ಒಂದೊಂದು ರೀತಿ. ಬೋರಲು ಬಿದ್ದರೆ ಹೋಳಿಗೆ, ಹೊಸ್ತಿಲು ದಾಟಿದರೆ ಹೊಸ್ತಿಲ ಮೇಲೆ ಕಾಯಿ ಒಡೆದು ಬೀದಿಯ ಮಕ್ಕಳಿಗೆಲ್ಲ ಹಂಚುವುದು. ಪಕ್ಕದ ತೆಲುಗರು ಇದರಲ್ಲಿ ಪ್ರಾಸವನ್ನೂ ಬಿಟ್ಟಿಲ್ಲ: ಬೋರಲು ಬಿದ್ದರೆ ಬೊಬ್ಬಟ್ಟು, ಗಡಪ ದಾಟಿದರೆ ಗಾರೆ, ಅಡಿ ಇಟ್ಟರೆ ಅರಿಸೆ. ಹೊಸ್ತಿಲು ದಾಟುವ ಕೂಸನ್ನು ಹತ್ತಿರದಿಂದ ನೋಡಿದ್ದೀರಾ? ಮೊದಲು ಹೊಸ್ತಿಲನ್ನು ಅಂಗೈಯಿಂದ ತಟ್ಟುತ್ತದೆ. ರಂಗೋಲಿಯನ್ನು ಒರೆಸುತ್ತದೆ. ಆಮೇಲೆ ಎದೆಯನ್ನು ಹೊಸ್ತಿಲ ಮೇಲೆ ಹೇರುತ್ತದೆ. ಈಗ ಕೈ ಆಚೆ, ಕಾಲು ಈಚೆ, ಹೊಟ್ಟೆ ನಟ್ಟನಡುವೆ. ಮುಂದೆ ಹೋಗಲಾಗದು, ಹಿಂದೆ ಬರಲಾಗದು. ಅಲ್ಲಿಂದ ತಲೆಯೆತ್ತಿ ಮನೆಯವರನ್ನೆಲ್ಲ ಒಮ್ಮೆ ನೋಡುತ್ತದೆ. ಒಂದು ಮಂಡಿ ಹೇಗೋ ಮೇಲೇರಿ ಇಡೀ ದೇಹ ಆಚೆಗೆ ದೊಪ್ಪನೆ ಬಿದ್ದಾಗ ಮನೆಯಲ್ಲಿ ಚಪ್ಪಾಳೆ. ಇನ್ನು ಮೇಲೆ ಆ ಬಾಗಿಲಿಗೆ ಅಡ್ಡ ಹಲಗೆ ಇಡಬೇಕು ಎಂಬ ಯೋಚನೆ ಅಜ್ಜನಿಗೆ ಆಗಲೇ ಬಂದಿರುತ್ತದೆ.

ಸಿಹಿ ಹಂಚದೆ ಬಿಟ್ಟುಹೋದ ಮೆಟ್ಟಿಲುಗಳೂ ಇವೆ. ಮಂಡಕ್ಕಿಯ ಒಂದು ಕಾಳನ್ನು ಚಾಪೆಯ ಮೇಲೆ ಇಡಿ. ಆರು ತಿಂಗಳ ಕೂಸು ಇಡೀ ಅಂಗೈಯಿಂದ ಅದನ್ನು ಬಳಿಯುತ್ತದೆ, ಕಾಳು ಜಾರುತ್ತದೆ. ಒಂಬತ್ತು-ಹತ್ತು ತಿಂಗಳಾದರೆ ಹೆಬ್ಬೆರಳು ತೋರುಬೆರಳು ಎರಡನ್ನೇ ಮುಂದೆ ಮಾಡಿ, ಅಕ್ಕಸಾಲಿಗನ ಚಿಮಟದಂತೆ ಅದನ್ನು ಎತ್ತಿ, ನೀವು ತಡೆಯುವಷ್ಟರಲ್ಲಿ ಬಾಯಿಗೆ ಹಾಕಿಕೊಳ್ಳುತ್ತದೆ. ಮುಂದೆ ಪೆನ್ನು ಹಿಡಿಯುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲವೂ ಶುರುವಾಗುವುದು ಅಲ್ಲಿಂದ. ಇದಕ್ಕೆ ಯಾವ ಮನೆಯಲ್ಲೂ ಹೋಳಿಗೆ ಮಾಡಿದ್ದು ನಾನು ಕಾಣೆ.

ಆಟಗಳನ್ನೇ ತಗೊಳ್ಳಿ. ಸೆರಗು ಮುಖಕ್ಕೆ ಮುಚ್ಚಿ 'ಬೂಚೀ' ಎಂದು ತೆಗೆಯುವ ಆಟ ಯಾವ ಅಜ್ಜಿಗೆ ಗೊತ್ತಿಲ್ಲ? ಸೆರಗಿನ ಹಿಂದೆ ಹೋದ ಅಜ್ಜಿ ಇಲ್ಲವಾಗಲಿಲ್ಲ, ಅಲ್ಲೇ ಇದ್ದಾಳೆ ಎಂದು ಕೂಸಿಗೆ ಹೊಳೆಯುವುದು ದೊಡ್ಡ ಸಂಗತಿ. ಸ್ವಿಟ್ಜರ್ಲೆಂಡಿನ ಪಿಯಾಜೆ ತಮ್ಮ ಮೂವರು ಮಕ್ಕಳ ಎದುರಿಗೇ ಸಾಮಾನು ಬಚ್ಚಿಟ್ಟು, ಅವು ಹುಡುಕುತ್ತವೋ ಇಲ್ಲವೋ ಎಂದು ನೋಡಿ ನೋಡಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಚಾರ್ಲ್ಸ್ ಡಾರ್ವಿನ್ ಕೂಡ 1839ರಲ್ಲಿ ಹುಟ್ಟಿದ ಹಿರಿಮಗನ ಚರ್ಯೆಗಳನ್ನು ಬರೆದಿಟ್ಟುಕೊಂಡು, 1877ರಲ್ಲಿ ಲೇಖನವಾಗಿ ಪ್ರಕಟಿಸಿದರು. ಮಗ ಒಂದು ವರ್ಷಕ್ಕೆ ಸರಿಯಾಗಿ, ಊಟಕ್ಕೆ ತಾನೇ ಕಟ್ಟಿಕೊಂಡ ಹೆಸರು 'ಮಮ್' ಅಂತೆ. ನಮ್ಮಲ್ಲಿ ಕೂಸುಗಳು ಅನ್ನಕ್ಕೆ 'ಮಮ್ಮು' ಅನ್ನುವುದನ್ನು ಕೇಳಿದ್ದರೆ ಡಾರ್ವಿನ್ ಇನ್ನೊಂದು ಲೇಖನ ಬರೆಯುತ್ತಿದ್ದರೋ ಏನೋ. 'ಟಾಟಾ ಮಾಡು', 'ತಾರಮ್ಮಯ್ಯ ಆಡು', 'ಮಾವನಿಗೆ ಜೋತ ಮಾಡು' ಎಂದು ನಾವು ಆಡಿಸುವುದೆಲ್ಲ ಪರೀಕ್ಷೆಯೇ. ಕೂಸು ಮಾತು ಕೇಳಿಸಿಕೊಂಡಿತೇ, ಅರ್ಥ ಮಾಡಿಕೊಂಡಿತೇ, ನಮ್ಮ ಮುಖ ನೋಡಿತೇ, ನಮ್ಮನ್ನು ಅನುಕರಿಸಿತೇ, ನಾಲ್ಕೂ ಒಂದೇ ಆಟದಲ್ಲಿ ಗೊತ್ತಾಗುತ್ತದೆ.

ಇಲ್ಲಿಗೆ ಬಂದಾಗ ನನ್ನ ತಕರಾರು ಶುರು. ನಡಿಗೆಯ ವಿಷಯದಲ್ಲಿ ಇಷ್ಟು ಅವಸರ ಮಾಡುವ ನಾವು, ಮಾತಿನ ವಿಷಯ ಬಂದಾಗ ಎಲ್ಲಿಲ್ಲದ ವೇದಾಂತಿಗಳಾಗುತ್ತೇವೆ. ಹದಿಮೂರು ತಿಂಗಳಿಗೆ ನಡೆಯದ ಕೂಸಿಗೆ ಊರೆಲ್ಲ ಚಿಂತೆ. ಎರಡು ವರ್ಷ ತುಂಬಿದರೂ ಒಂದು ಮಾತಾಡದ ಕೂಸಿಗೆ ಊರೆಲ್ಲ ಸಮಾಧಾನ. 'ಗಂಡು ಮಕ್ಳಿಗೆ ಮಾತು ತಡವೇ ಬಿಡಿ.' 'ಅವರಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು, ಈಗ ನೋಡಿ, ನಿಲ್ಲಿಸೋಕೇ ಆಗಲ್ಲ.' 'ಮನೇಲಿ ಕನ್ನಡ, ಹೊರಗೆ ಇಂಗ್ಲಿಷು, ಪಾಪ ಗೊಂದಲ.' ಕೊನೆಗೆ ಬ್ರಹ್ಮಾಸ್ತ್ರ: 'ಐನ್‌ಸ್ಟೈನೂ ತಡವಾಗಿ ಮಾತಾಡಿದ್ದಂತೆ.' ಐನ್‌ಸ್ಟೈನ್ ಒಬ್ಬರು. ತಡವಾಗಿ ಮಾತಾಡಿದ ಉಳಿದ ಲಕ್ಷಾಂತರ ಮಕ್ಕಳ ಕತೆ ಯಾರೂ ಹೇಳುವುದಿಲ್ಲ. ಎರಡು ಭಾಷೆಯ ಮನೆಯಲ್ಲಿ ಬೆಳೆಯುವುದರಿಂದ ಮಾತು ನಿಲ್ಲುವುದೂ ಇಲ್ಲ. ನಮ್ಮ ಮಂಗಳೂರಿನ ಕಡೆ ಮನೆಯಲ್ಲಿ ತುಳುವೋ ಕೊಂಕಣಿಯೋ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಅಲ್ಲಿನವರು ಮಾತಿಗೆ ಬಡವರೆಂದು ಯಾರಾದರೂ ಹೇಳಿಯಾರೇ?

ಬಜೆಯನ್ನು ತೇಯ್ದು ನಾಲಗೆಗೆ ಹಚ್ಚಿದರೆ ಮಾತು ಬರುತ್ತದೆಂಬ ನಂಬಿಕೆ ಇನ್ನೂ ಇದೆ. ಬಜೆ ಮಣಿಯನ್ನು ಕೂಸಿನ ಕೈಗೆ ಕಟ್ಟಿದರೆ ನೋಡಲು ಚೆಂದ, ನನ್ನ ಆಕ್ಷೇಪವಿಲ್ಲ. ಆದರೆ ಮಾತು ನಾಲಗೆಯಿಂದ ಹುಟ್ಟುವುದಲ್ಲ, ಕಿವಿಯಿಂದ. ಇದಕ್ಕೆ ನಮ್ಮ ದೇಶದಲ್ಲೇ ಒಂದು ಕ್ರೂರ ಸಾಕ್ಷಿಯಿದೆ. ಮನುಷ್ಯನ ಸಹಜ ಭಾಷೆ ಯಾವುದೆಂದು ತಿಳಿಯಲು ಅಕ್ಬರ್ ಬಾದಶಹ ಕೆಲವು ಎಳೆಗೂಸುಗಳನ್ನು ಒಂದು ಕಟ್ಟಡದಲ್ಲಿ ಇರಿಸಿದ. ದಾದಿಯರು ಯಾರೂ ಅವುಗಳ ಎದುರು ಮಾತಾಡಕೂಡದು. ಜನ ಅದನ್ನು ಗುಂಗ್ ಮಹಲ್ ಎಂದರು. 1582ರಲ್ಲಿ ಬಾದಶಹ ಅಲ್ಲಿಗೆ ಹೋಗಿ ನೋಡಿದಾಗ ಒಂದು ಮಗುವಿನ ಬಾಯಲ್ಲೂ ಮಾತಿರಲಿಲ್ಲ. ಕೇಳದ ಭಾಷೆಯನ್ನು ಯಾವ ಕೂಸೂ ಆಡುವುದಿಲ್ಲ.

ಕಿವಿ ಕೇಳದ ಕೂಸು ನಮ್ಮನ್ನು ಸುಲಭವಾಗಿ ಏಮಾರಿಸುತ್ತದೆ. ಮೊದಲ ತಿಂಗಳುಗಳಲ್ಲಿ ಅದೂ ಅಳುತ್ತದೆ, ನಗುತ್ತದೆ, 'ಊಂ ಊಂ' ಎನ್ನುತ್ತದೆ. ಬಾಗಿಲು ಬಡಿದರೆ ತಿರುಗಲೂಬಹುದು, ನೆಲದ ಅದುರು ತಿಳಿಯುತ್ತದಲ್ಲ. ವ್ಯತ್ಯಾಸ ಕಾಣುವುದು ಏಳೆಂಟು ತಿಂಗಳ ಹೊತ್ತಿಗೆ, ಉಳಿದ ಕೂಸುಗಳು 'ಬಬಬ, ತತತ' ಎಂದು ಸಾಲುಸಾಲಾಗಿ ತೊದಲುವಾಗ. ಅದಕ್ಕೇ ಕಿವಿಯ ತಜ್ಞರು ಒಂದು-ಮೂರು-ಆರು ಎಂಬ ಲೆಕ್ಕ ಇಟ್ಟಿದ್ದಾರೆ. ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಅನುಮಾನ ಬಂದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಶ್ರವಣ ಸಾಧನವೋ ತರಬೇತಿಯೋ ಶುರು. ಹುಟ್ಟಿದ ಮರುದಿನವೇ, ಮಲಗಿರುವ ಕೂಸಿನ ಕಿವಿಗೆ ಪುಟ್ಟ ಮೊನೆ ಇಟ್ಟು ಕೆಲವು ನಿಮಿಷಗಳಲ್ಲಿ ಮುಗಿಸುವ ಪರೀಕ್ಷೆಯಿದೆ. ನೋವಿಲ್ಲ, ಸೂಜಿಯಿಲ್ಲ. ಇಡೀ ದೇಶಕ್ಕೆ ಈ ವಿದ್ಯೆಯಲ್ಲಿ ದೊಡ್ಡ ಸಂಸ್ಥೆ ಇರುವುದು ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅದನ್ನು ನಮ್ಮಲ್ಲೇ ಇಟ್ಟುಕೊಂಡು ಬಜೆ ತೇಯುತ್ತ ಕೂರುವುದು ಯಾವ ಜಾಣತನ?

ತಡವಾಗಿ ಎಚ್ಚೆತ್ತರೆ ಏನಾಗುತ್ತದೆಂದು 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಂಡೆವು. ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಗ್ರಹಣದ ಹೊತ್ತು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತಿಟ್ಟಿದ್ದರು. ವಾಸಿಯಾಗುತ್ತದೆಂಬ ನಂಬಿಕೆ. ಪತ್ರಿಕೆಗಳಲ್ಲಿ ಬಂತು, ಅಧಿಕಾರಿಗಳು ಓಡಿದರು, ಊರವರೆಲ್ಲ ಬಯ್ದೆವು. ಬಯ್ಯುವುದು ಸುಲಭ. ಆ ತಾಯಂದಿರಿಗೆ ಮಕ್ಕಳ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ. ಕೂಸು ಆರು ತಿಂಗಳದ್ದಿರುವಾಗ 'ಕುತ್ತಿಗೆ ನಿಂತಿಲ್ಲವಲ್ಲ, ತೋರಿಸೋಣ ಬಾ' ಎಂದು ಯಾರೂ ಅವರ ಕೈ ಹಿಡಿದು ಕರೆದೊಯ್ಯದಿದ್ದರೆ, ಕೊನೆಗೆ ಉಳಿಯುವುದು ಗ್ರಹಣವೊಂದೇ.

ಕೈ ಹಿಡಿಯುವ ಏರ್ಪಾಡು ಇಲ್ಲವೆಂದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ತಿ. ನರಸೀಪುರ. ಈಗ ಊರೂರಿಗೆ ಅಂಗನವಾಡಿ ಇದೆ. ಬಸುರಿಯಾದ ಕೂಡಲೇ ಕೈಗೆ ಕೊಡುವ ತಾಯಿ ಕಾರ್ಡ್ ಇದೆ. ಮನೆಗಳಲ್ಲಿ ಅದು ಲಸಿಕೆಯ ತಾರೀಖು ನೋಡಲಷ್ಟೇ ಹೊರಗೆ ಬರುತ್ತದೆ. ಕೂಸು ಯಾವ ತಿಂಗಳಿಗೆ ಏನು ಮಾಡಬೇಕೆಂಬ ಚಿತ್ರಗಳು ಅದರೊಳಗೇ ಇವೆ, ನೋಡುವವರು ಕಡಿಮೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತವೆ. ಹುಟ್ಟುದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ತಡ, ಈ ನಾಲ್ಕನ್ನೂ ಹುಡುಕುವುದೇ ಅವರ ಕೆಲಸ. ಆ ದಿನ 'ಕೂಸು ಮಲಗಿದೆ, ಆಮೇಲೆ ನೋಡೋಣ' ಎಂದು ಮನೆಯಲ್ಲೇ ಇರಿಸಿಕೊಳ್ಳಬೇಡಿ.

ಹಾಗಾದರೆ ಮದುವೆ ಮನೆಯ ಪ್ರಶ್ನೆಗಳನ್ನು ನಿಲ್ಲಿಸಬೇಕೆ? ಬೇಡ. ಕೂಸಿನ ಮೇಲೆ ಇಷ್ಟೊಂದು ಕಣ್ಣುಗಳಿರುವುದು ನಮ್ಮ ಪುಣ್ಯ. ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಂಡರೆ ಸಾಕು. 'ಇನ್ನೂ ನಡೆದಿಲ್ವಾ' ಎನ್ನುವ ಬದಲು, 'ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಾ?' ಎಂದು ಕೇಳಿ. 'ಬೇಕಾದ್ದನ್ನ ಬೆರಳು ಮಾಡಿ ತೋರಿಸುತ್ತಾ?', 'ಎಷ್ಟು ಮಾತಾಡುತ್ತೆ?' ಎಂದು ಕೇಳಿ. 'ನಮ್ಮ ಪುಟ್ಟಿ' ಎಂಬ ಮೂರನೇ ವಾಕ್ಯವನ್ನು ಮಾತ್ರ ನುಂಗಿಕೊಳ್ಳಿ.

ಕೂಸಿರುವ ಮನೆಯವರು ಇಷ್ಟು ನೆನಪಿಟ್ಟುಕೊಳ್ಳಿ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಾದರೆ ಎಷ್ಟು ಬೇಗ ಹುಟ್ಟಿತೋ ಅಷ್ಟನ್ನು ಎರಡು ವರ್ಷದವರೆಗೂ ಕಳೆದು ವಯಸ್ಸು ಲೆಕ್ಕ ಹಾಕಿ. ಒಂದೂವರೆ ವರ್ಷಕ್ಕೂ ತಾನಾಗಿ ನಡೆಯದಿದ್ದರೆ, ವರ್ಷ ತುಂಬಿದರೂ ಕರೆದಾಗ ತಿರುಗದಿದ್ದರೆ, ಎರಡಾದರೂ ಎರಡು ಪದ ಜೋಡಿಸದಿದ್ದರೆ ವೈದ್ಯರಿಗೆ ತೋರಿಸಿ. ಬಂದಿದ್ದ ಮಾತು, ನಗು, ನಡಿಗೆ ಯಾವುದಾದರೂ ಇದ್ದಕ್ಕಿದ್ದಂತೆ ಹೋದರೆ ವಯಸ್ಸು ನೋಡದೆ ಅದೇ ವಾರ ತೋರಿಸಿ. ಏನೂ ಇಲ್ಲವೆಂದು ವೈದ್ಯರು ಹೇಳಿದರೆ ನಷ್ಟವೇನು, ಒಂದು ದಿನದ ಓಡಾಟ ಮಾತ್ರ. ಉಳಿದಂತೆ, ಕೂಸು ನಡೆಯುತ್ತದೆ ಬಿಡಿ. ಅದಕ್ಕೆ ನಿಮಗಿಂತ ಹೆಚ್ಚು ಅವಸರವಿದೆ.